ಇನ್ನೊಂದ್ ಸತಿ ಹೇಳಿ

ಬಿನ್ನವತ್ತಳೆ ಬರೆಯುವುದು ನನ್ನ ಕೆಲಸವಲ್ಲ.
ಕಾನೂನು ನೆರವು ಕಚೇರಿಯಲ್ಲಿ ನಾನು ಟಪಾಲು ಗುಮಾಸ್ತ,
ಬಂದದ್ದಕ್ಕೆ ಮೊಹರು, ಹೋದದ್ದಕ್ಕೆ ನಂಬರು.
ಅಕ್ಷರ ದುಂಡಗಿದೆಯಲ್ಲ ಎಂದು
ವರ್ಷಕ್ಕೊಮ್ಮೆ ಸಾಹೇಬರು ಕರೆಯುತ್ತಾರೆ:
'ಈ ಸಲ ಓಬಳಮ್ಮ ಅಂತ. ಒಂದು ಪುಟ. ಜೋರಾಗಿರಲಿ.'

ಜೋರಾಗಿಯೇ ಬರೆದೆ.
ನೊಂದವರ ಬಾಳಿನ ನಂದಾದೀಪವೇ,
ನ್ಯಾಯದೇಗುಲದ ನಿಷ್ಕಾಮ ಪರಿಚಾರಿಕೆಯೇ,
ಇಪ್ಪತ್ತಮೂರು ಕುಟುಂಬಗಳ ಕಂಬನಿ ತೊಡೆದ ಕರುಣಾಮಯಿಯೇ...
ಏಕಾರಗಳು ಸಾಲುಗಟ್ಟಿ ನಿಂತವು
ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತಂತೆ.

ಬರೆಯದೆ ಬಿಟ್ಟದ್ದು ಇದು:

ಬಿನ್ನಿಮಿಲ್ ಹಿಂದಿನ ಗಲ್ಲಿ, ಬೆಳಗಿನ ಪಾಳಿ ಮುಗಿದ ಹೊತ್ತು.
ಸಿಮೆಂಟ್ ತೊಟ್ಟಿಗೆ ಪೊರಕೆಗಳನ್ನು ಒರಗಿಸಿ
ಹೆಂಗಸರು ಕೂತಿದ್ದಾರೆ, ಕಾಲಿನ ದೂಳು ಕಾಲಲ್ಲೇ.
ಹರಿದ ಕೊಡೆಯ ಕಪ್ಪು ಬಟ್ಟೆ ಹೆಗಲಿಗೆ ಹೊದ್ದು
ಓಬಳಮ್ಮ ಜಡ್ಜು.
ಗುಳುಗುಳು ಅಂತ ಇಂಗ್ಲಿಷಿನಂಥದ್ದೇನೋ ಉದುರಿಸುತ್ತಾಳೆ,
ಎದುರಿದ್ದವಳು ಎದ್ದು ನಿಂತು ಹೇಳಬೇಕು:
'ಸ್ವಾಮಿ, ಅರ್ಥ ಆಗ್ಲಿಲ್ಲ. ಇನ್ನೊಂದ್ ಸತಿ ಹೇಳಿ.'
ಅಷ್ಟೇ ಪಾಠ.

ಅಷ್ಟೇ ಅಂದರೆ ಅಷ್ಟಲ್ಲ.
ಕಸದ ಗಾಡಿ ನೂಕುವ ರಟ್ಟೆಯವರಿಗೆ
ಈ ಮಾತು ನಾಲಗೆಯಿಂದ ಏಳುತ್ತಿರಲಿಲ್ಲ.
ಎದ್ದವರು ನಕ್ಕರು, ಸೆರಗು ಕಚ್ಚಿದರು, ಕೈ ಮುಗಿದರು.
'ಕೈ ಆಮೇಲೆ ಮುಗಿ. ಮೊದಲು ಬಾಯಿ ಬಿಡು,' ಅಂದಳು ಓಬಳಮ್ಮ.
ದೇವಾನೆಗೆ ಒಂಬತ್ತು ದಿನ ಹಿಡಿಯಿತು.

ಆಮೇಲೊಂದು ಮಂಗಳವಾರ
ಕೂಗುವವನು ಹೆಸರು ಕೂಗಿ, ಗುತ್ತಿಗೆದಾರನ ವಕೀಲ ಓದಿ,
ವಾಯಿದೆ ಬಿದ್ದು ಕಡತ ಇನ್ನೇನು ಮುಚ್ಚಬೇಕು,
ದೇವಾನೆ ಎದ್ದಳು. ಹೇಳಿದಳು. ಎರಡು ಸಲ,
ಮೊದಲ ಸಲ ದನಿಯೇ ಬಂದಿರಲಿಲ್ಲವಲ್ಲ.
ಕನ್ನಡಕ ತೆಗೆದಿಟ್ಟು ಜಡ್ಜು ಕನ್ನಡದಲ್ಲಿ ಹೇಳಿದರು:
'ನೀವು ಯಾರೂ ಅಲ್ಲಿ ಕೆಲಸವೇ ಮಾಡಿಲ್ಲ ಅಂತಾರಮ್ಮ ಇವರು.'
'ಓ, ಅದಾ' ಅಂದು ದೇವಾನೆ
ಸೊಂಟದಿಂದ ಹಾಲಿನ ಕವರು ಬಿಚ್ಚಿದಳು:
ಮೂರು ವರ್ಷದ ಹಾಜರಿ ಚೀಟಿ,
ಬೆವರಿಗೆ ಮೆತ್ತಗಾಗಿ, ರೊಟ್ಟಿಯ ಹಾಗೆ ಮಡಿಸಿದ್ದು.

ಇದನ್ನು ನಾನು ಕಣ್ಣಾರೆ ಕಂಡಿದ್ದೆ.
ಕಂಡೂ ನಂದಾದೀಪ ಬರೆದೆ.

ಜೆ.ಸಿ. ರಸ್ತೆಯ ಸಭಾಂಗಣ. ಶಾಲು, ಗಂಧದ ಹಾರ,
ಹುಬ್ಬಿನ ತನಕ ಜಾರಿದ ಪೇಟ, ಬಣ್ಣದ ಕಾಗದದಡಿ ಮೂಸಂಬಿ.
ನಾನು ಮೈಕಿನಲ್ಲಿ ಓದುತ್ತಿದ್ದೆ, ಎದೆಯುಬ್ಬಿಸಿ.
ಮೂರನೆಯ ಏಕಾರಕ್ಕೆ ಶಾಲಿನೊಳಗಿಂದ ಒಂದು ಕೈ ಎದ್ದಿತು.
'ಸ್ವಾಮಿ, ಅರ್ಥ ಆಗ್ಲಿಲ್ಲ.
ಇನ್ನೊಂದ್ ಸತಿ ಹೇಳಿ.'

ಮುಂದಿನ ಸಾಲು ನಕ್ಕಿತು.
ಹಿಂದಿನ ಸಾಲುಗಳು ನಗಲಿಲ್ಲ.
ಅಲ್ಲಿ ಕೂತ ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು,
ಏನೋ ಪರೀಕ್ಷೆ ನಡೆಯುತ್ತಿದೆ ಎಂಬಂತೆ.

ಹಾಳೆ ಮಡಚಿದೆ. ಎಂಜಲು ನುಂಗಿದೆ.
ದೇವಾನೆಯ ಒಂಬತ್ತು ದಿನ ನನ್ನ ಗಂಟಲಲ್ಲಿ ಕೂತಿತ್ತು.
'ಓಬಳಮ್ಮನೋರೆ,' ಅಂದೆ,
'ಕೇಳೋದು ತಪ್ಪಲ್ಲ ಅಂತ ಹೇಳಿಕೊಟ್ರಿ.
ಇಪ್ಪತ್ತಮೂರು ಜನರ ಕೂಲಿ ಬಂತು.'

'ಇಪ್ಪತ್ತೆರಡು,' ಅಂದಳು, ಮೈಕಿಲ್ಲದೆ.
'ದೇವಾನೆದು ಬಂದಿಲ್ಲ. ಆರ್ಡರಲ್ಲಿ ದೇವಾನೆ ಅಂತದೆ,
ಬ್ಯಾಂಕಲ್ಲಿ ದೈವಾನೈ. ಹದಿನಾಲ್ಕನೇ ತಾರೀಕು ಮತ್ತೆ ಹೋಗ್ಬೇಕು.'
ಪೇಟ ತೆಗೆದು ಕುರ್ಚಿಯ ಮೇಲಿಟ್ಟಳು, ಸೆಖೆಗೆ.

ಚೌಕಟ್ಟು ಕಟ್ಟಿಸಿಯಾಗಿತ್ತು ಆಗಲೇ.
ಜೇಬಿನಿಂದ ಪೆನ್ನು ತೆಗೆದೆ, ತಿದ್ದೋಣವೆಂದು.
ನಿಬ್ಬು ಗಾಜಿಗೆ ತಗುಲಿ ಟಕ್ಕೆಂದಿತು.